ಹನ್ನೆರಡು ಸ್ವರ್ಣಧಾರ ಕೋಳಿಗೆ ಯಾವ ಫೀಡರ್, ಯಾವ ಡ್ರಿಂಕರ್? ಮಲೆನಾಡಿನ ಮಳೆಗೆ ತಡೆಯುವಂಥದ್ದು ಬೇಕು

ಹೊಸನಗರ ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲ್ಲೂಕು. ಮನೆ ಹಿಂದೆ ಸೌದೆ ಇಡುವ ಹಳೇ ಕೊಟ್ಟಿಗೆ ಇತ್ತು. ಅದಕ್ಕೆ ಜಾಲರಿ ಹೊಡೆಸಿ, ಹೆಂಚು ಸರಿಮಾಡಿಸಿ ಕೋಳಿಗೂಡು ಮಾಡಿದ್ದೇನೆ. ಹನ್ನೆರಡು ಸ್ವರ್ಣಧಾರ ಯಾಟೆ (ಇನ್ನೂ ಮೊಟ್ಟೆಗೆ ಬರದ ಎಳೆ ಹೇಂಟೆ), ಒಂದು ಹುಂಜ ತರುವುದಿದೆ. ಹಗಲು ತೋಟದಲ್ಲಿ ಬಿಡುತ್ತೇವೆ, ಸಂಜೆ ಗೂಡಿಗೆ. ಅಮ್ಮನ ನಾಟಿ ಹೇಂಟೆ ಒಂದು ಕಾವಿಗೆ ಕೂತಿದೆ. ಮರಿ ಮಾಡಿದರೆ ಅವೂ ಸೇರುತ್ತವೆ.

ಇಷ್ಟು ದಿನ ಅಮ್ಮ ಅಡಿಕೆ ಹಾಳೆಯಲ್ಲಿ ತವುಡು, ನುಚ್ಚು, ಉಳಿದ ಅನ್ನ ಕಲಸಿ ಇಡುತ್ತಿದ್ದರು. ನೀರಿಗೆ ಹಳೇ ಒರಳು ಕಲ್ಲು. ನಾಲ್ಕೈದು ನಾಟಿ ಕೋಳಿಗೆ ಅಷ್ಟೇ ಸಾಕಿತ್ತು. ಈಗ ಮೊಟ್ಟೆ ಕೋಳಿ ಮೇವು ದುಡ್ಡು ಕೊಟ್ಟು ತರಬೇಕು. ಹಾಳೆಯಲ್ಲಿ ಸುರಿದರೆ ಅರ್ಧ ಕೆದಕಿ ಹಾಳು ಮಾಡುತ್ತವೆ ಅಂತ ಗೊತ್ತು.

ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ನೋಡಿದರೆ ತಲೆ ಕೆಡುತ್ತದೆ. ತೂಗುಹಾಕುವ ಪ್ಲಾಸ್ಟಿಕ್ ಫೀಡರ್, ಪಿವಿಸಿ ಪೈಪ್ ಫೀಡರ್, ಕೋಳಿ ಮೆಟ್ಟಿದರೆ ಮುಚ್ಚಳ ತೆರೆಯುವ ಪೆಟ್ಟಿಗೆ. ನೀರಿಗೆ ಮಗುಚಿಡುವ ಡಬ್ಬ, ಕೋಳಿ ಕಡ್ಡಿ ಕುಕ್ಕಿದರೆ ಹನಿ ನೀರು ಬಿಡುವ ನಿಪ್ಪಲ್, ಸಣ್ಣ ಕಪ್. ಯಾವುದು ಸರಿ?

ಮೂರು ವಿಷಯ ಹೇಳಿಬಿಡುತ್ತೇನೆ. ಒಂದು, ಮಳೆ. ಹುಲಿಕಲ್ ಇರುವ ತಾಲ್ಲೂಕು ನಮ್ಮದು, ಜುಲೈನಲ್ಲಿ ಗೋಡೆಯೂ ಒದ್ದೆ ಇರುತ್ತದೆ. ಎರಡು, ಹೆಗ್ಗಣ. ಸೌದೆ ಕೊಟ್ಟಿಗೆ ಅಂದಮೇಲೆ ಕೇಳಬೇಕಾ. ಮೂರು, ನಾನು ಬೆಳಿಗ್ಗೆ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಹಗಲು ನೋಡಿಕೊಳ್ಳುವುದು ಅಮ್ಮ. ಅವರಿಗೆ ಮಂಡಿ ನೋವು, ಬಗ್ಗಲು ಆಗುವುದಿಲ್ಲ. ಒಮ್ಮೆ ತುಂಬಿಸಿದರೆ ವಾರ ಬರುವಂಥ ದೊಡ್ಡದನ್ನೇ ತಗೊಳ್ಳೋಣ ಅಂತ ಮನಸ್ಸಿದೆ. ತಿಳಿದವರು ಹೇಳಿ.

—

ಕೊಪ್ಪದ ಅಕ್ಕ:

ನಮಸ್ಕಾರ. ನಿಮ್ಮ ಮೂರನೇ ವಿಷಯವನ್ನೇ ಮೊದಲು ಹಿಡಿಯುತ್ತೇನೆ. ಫೀಡರ್ ಆರಿಸುವಾಗ ಎಲ್ಲರೂ ಕೋಳಿ ನೋಡುತ್ತಾರೆ. ದಿನಾ ತುಂಬಿಸುವವರು ಯಾರು, ತೊಳೆಯುವವರು ಯಾರು ಅಂತ ನೋಡುವುದಿಲ್ಲ. ನಿಮ್ಮ ಮನೆಯಲ್ಲಿ ಅದು ಅಮ್ಮ. ಅವರು ನಿಂತಲ್ಲೇ ತುಂಬಿಸಲು, ನಿಂತಲ್ಲೇ ತೊಳೆಯಲು ಆಗುವಂಥದ್ದೇ ನಿಮಗೆ ಸರಿಯಾದದ್ದು. ಉಳಿದದ್ದೆಲ್ಲ ಆಮೇಲೆ.

ವಾರಕ್ಕೆ ಬರುವ ದೊಡ್ಡ ಫೀಡರ್ ಆಸೆ ಬಿಡಿ. ನಾವು ಕೊಪ್ಪದವರು, ನಿಮ್ಮಷ್ಟೇ ಮಳೆ ನೋಡುವವರು. ಮಳೆಗಾಲದಲ್ಲಿ ಹುಡಿ ಮೇವು ಗಾಳಿಯ ತೇವ ಹೀರಿಕೊಂಡು ಮೂರ್ನಾಲ್ಕು ದಿನಕ್ಕೇ ಗಂಟು ಕಟ್ಟುತ್ತದೆ. ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಇರುತ್ತದೆ. ತಳದಲ್ಲಿ ಬೆರಳು ಹಾಕಿದರೆ ಬೆಚ್ಚಗೆ, ಒಂಥರಾ ಹುಳಿ ವಾಸನೆ. ಹಾಗೆ ಬೂಷ್ಟು ಹಿಡಿದ ಮೇವಿನ ಮೆಕ್ಕೆಜೋಳದಲ್ಲಿ ವಿಷ ಇರಬಹುದು, ಅಫ್ಲಟಾಕ್ಸಿನ್ ಅನ್ನುತ್ತಾರೆ. ಕೋಳಿಯ ಪಿತ್ತಜನಕಾಂಗಕ್ಕೇ ಪೆಟ್ಟು. ಮೊಟ್ಟೆ ನಿಲ್ಲುತ್ತದೆ, ಸೊರಗುತ್ತವೆ. ಬಿಸಿಲಿಗೆ ಹಾಕಿ ಒಣಗಿಸಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಮಲೆನಾಡಿನಲ್ಲಿ ದಿನದ್ದು ದಿನಕ್ಕೆ, ಜಾಸ್ತಿ ಅಂದರೆ ಎರಡು ದಿನಕ್ಕೆ ತುಂಬಿಸಬೇಕು.

ದಿನಕ್ಕೆ ಎಷ್ಟು ಬೇಕು ನೋಡಿ. ಗೂಡಲ್ಲೇ ಇರುವ ದೊಡ್ಡ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ. ನಿಮ್ಮ ಹದಿಮೂರಕ್ಕೆ ಹೆಚ್ಚೆಂದರೆ ಒಂದೂವರೆ ಕಿಲೋ. ತೋಟದಲ್ಲಿ ಹುಳ ಹುಪ್ಪಟೆ, ಹುಲ್ಲು ತಿಂದು ಬಂದರೆ ಇನ್ನೂ ಕಮ್ಮಿ. ಇಷ್ಟಕ್ಕೆ ಹತ್ತು ಕಿಲೋ ಹಿಡಿಯುವ ಡ್ರಮ್ ಯಾಕೆ?

ನನ್ನ ಆಯ್ಕೆ ತೂಗುಹಾಕುವ ದುಂಡು ಫೀಡರ್. ಮೂರರಿಂದ ಐದು ಕಿಲೋ ಹಿಡಿಯುವಂಥದ್ದು, ಎರಡು. ಒಂದರಲ್ಲೇ ಹದಿಮೂರೂ ತಿನ್ನಬಹುದು, ಜಾಗದ ಲೆಕ್ಕಕ್ಕೆ ಸಾಕು. ಆದರೆ ಕೋಳಿಗಳಲ್ಲಿ ದೊಡ್ಡದು ಚಿಕ್ಕದು ಅಂತ ಇರುತ್ತದಲ್ಲ. ಜೋರು ಇರುವ ಹೇಂಟೆ ಒಂದು ಫೀಡರ್ ಕಾದುಕೊಂಡು ನಿಂತರೆ ಮೆತ್ತಗಿರುವುದು ಉಪವಾಸ. ಎರಡು ಇಟ್ಟರೆ, ಅದೂ ಒಂದರಿಂದ ಇನ್ನೊಂದು ಕಾಣದ ಹಾಗೆ ಕಂಬದ ಆಚೆ ಈಚೆ ಇಟ್ಟರೆ, ಕಾಯಲು ಆಗುವುದಿಲ್ಲ. ನಾಟಿ ಹೇಂಟೆ ಹೊಸ ಯಾಟೆಗಳನ್ನು ಕುಕ್ಕಿ ಓಡಿಸುವುದು ಖಂಡಿತ. ಹಾಗಾಗಿ ಇದನ್ನು ಮರೆಯಬೇಡಿ.

ಕೊಳ್ಳುವಾಗ ತಟ್ಟೆಯ ಅಂಚು ನೋಡಿ. ಅಂಚು ಒಳಕ್ಕೆ ಮಡಚಿಕೊಂಡಿರಬೇಕು. ಕೋಳಿ ಮೇವನ್ನು ಕೊಕ್ಕಿನಲ್ಲಿ ಅತ್ತ ಇತ್ತ ತಳ್ಳಿ, ಬೇಕಾದ ಜೋಳದ ಚೂರನ್ನು ಆರಿಸುತ್ತದೆ. ಅಂಚು ನೆಟ್ಟಗಿದ್ದರೆ ಹುಡಿ ಎಲ್ಲ ಹೊರಗೆ. ಒಳಕ್ಕೆ ಬಗ್ಗಿದ ಅಂಚಿದ್ದರೆ ವಾಪಸ್ ತಟ್ಟೆಗೇ ಬೀಳುತ್ತದೆ. ತಟ್ಟೆಯಲ್ಲಿ ಅಡ್ಡ ಪಟ್ಟಿಗಳು ಇದ್ದರೆ ಇನ್ನೂ ಒಳ್ಳೆಯದು, ಒಳಗೆ ನಿಂತು ಕೆದಕಲು ಆಗುವುದಿಲ್ಲ.

ಆಮೇಲೆ ಎತ್ತರ. ತಟ್ಟೆಯ ಅಂಚು ಕೋಳಿ ನಿಂತಾಗ ಅದರ ಬೆನ್ನಿನ ಮಟ್ಟಕ್ಕೆ ಬರಬೇಕು. ನೆಲದಲ್ಲಿಟ್ಟರೆ ಹಿಕ್ಕೆ, ನೆಲಕ್ಕೆ ಹಾಸಿದ ಹೊಟ್ಟು ಎಲ್ಲ ಒಳಗೆ. ಯಾಟೆಗಳು ಬೆಳೆಯುತ್ತಾ ಹೋದ ಹಾಗೆ ಹಗ್ಗ ಮೇಲಕ್ಕೆ ಎಳೆಯುತ್ತಾ ಹೋಗಬೇಕು. ಗೂಡಿನ ಅಡ್ಡ ತೊಲೆಗೆ ಸಣ್ಣ ರಾಟೆ ಹಾಕಿ, ನೈಲಾನ್ ಹಗ್ಗದ ಇನ್ನೊಂದು ತುದಿಯನ್ನು ಬಾಗಿಲ ಹತ್ತಿರ ಮೊಳೆಗೆ ಸುತ್ತಿ. ಅಮ್ಮ ಹಗ್ಗ ಎಳೆದರೆ ಫೀಡರ್ ಅವರ ಸೊಂಟದ ಮಟ್ಟಕ್ಕೆ ಬರುತ್ತದೆ, ನಿಂತಲ್ಲೇ ತುಂಬಿಸುತ್ತಾರೆ. ಮತ್ತೆ ಬಿಟ್ಟರೆ ಕೋಳಿ ಮಟ್ಟಕ್ಕೆ. ಹಗ್ಗದಲ್ಲಿ ಒಂದು ಗಂಟು ಹಾಕಿಟ್ಟರೆ ಪ್ರತಿ ಸಲ ಅದೇ ಎತ್ತರಕ್ಕೆ ನಿಲ್ಲುತ್ತದೆ. ಬಗ್ಗುವ ಕೆಲಸವೇ ಇಲ್ಲ.

ತಟ್ಟೆಯಲ್ಲಿ ಮೇವು ಮೂರನೇ ಒಂದು ಭಾಗಕ್ಕಿಂತ ಮೇಲೆ ಬರದ ಹಾಗೆ ನೋಡಿಕೊಳ್ಳಿ. ಒಳ್ಳೆ ಫೀಡರ್‌ಗಳಲ್ಲಿ ಡಬ್ಬವನ್ನು ತಿರುಗಿಸಿ ಮೇವು ಬೀಳುವ ಸಂದು ಹಿಗ್ಗಿಸಲು, ಕುಗ್ಗಿಸಲು ಬರುತ್ತದೆ. ತುಂಬ ತುಳುಕಿಸಿಟ್ಟರೆ ದುಡ್ಡು ನೆಲಕ್ಕೆ ಸುರಿದ ಹಾಗೆ. ನೆಲಕ್ಕೆ ಬಿದ್ದ ಮೇವೇ ಹೆಗ್ಗಣಕ್ಕೆ ಕರೆಯೋಲೆ.

ಹೆಗ್ಗಣದ ವಿಷಯಕ್ಕೆ ಬಂದರೆ, ಕೋಳಿ ಕತ್ತಲಲ್ಲಿ ತಿನ್ನುವುದಿಲ್ಲ. ಬೆಳಿಗ್ಗೆ ಎದ್ದಕೂಡಲೇ ಒಮ್ಮೆ, ಸಂಜೆ ಕೂರುವ ಮೊದಲು ಒಮ್ಮೆ, ಈ ಎರಡು ಹೊತ್ತು ಜೋರಾಗಿ ತಿನ್ನುತ್ತವೆ. ಸಂಜೆ ಕೋಲಿನ ಮೇಲೆ ಕೂತಾಗ ಕುತ್ತಿಗೆ ಬುಡದ ಚೀಲ ಮುಟ್ಟಿ ನೋಡಿ. ಗಟ್ಟಿಯಾಗಿ, ಉಬ್ಬಿಕೊಂಡಿದ್ದರೆ ಅದರ ರಾತ್ರಿ ಊಟ ಆಗಿದೆ ಅಂತ. ಆಮೇಲೆ ಫೀಡರ್ ಇಟ್ಟರೆ ಅದು ಹೆಗ್ಗಣಕ್ಕೆ ಮಾತ್ರ. ಅಮ್ಮ ಸಂಜೆ ಎರಡೂ ಫೀಡರ್ ಕೊಕ್ಕೆಯಿಂದ ಬಿಡಿಸಿ, ಮುಚ್ಚಳ ಇರುವ ತಗಡಿನ ಡ್ರಮ್ಮಿನಲ್ಲಿಟ್ಟರೆ ಮುಗಿಯಿತು. ಖಾಲಿಯಾಗುವ ಹೊತ್ತಿಗೆ ಹೆಚ್ಚು ತೂಕವೂ ಇರುವುದಿಲ್ಲ. ಮೇವಿನ ಚೀಲವೂ ಅದೇ ಥರ ಡ್ರಮ್ಮಿನಲ್ಲೇ ಇರಲಿ. ಪ್ಲಾಸ್ಟಿಕ್ ಡ್ರಮ್ಮನ್ನು ಹೆಗ್ಗಣ ಕೊರೆಯುತ್ತದೆ.

ಮೆಟ್ಟಿದರೆ ತೆರೆಯುವ ಪೆಟ್ಟಿಗೆ ಕೆಟ್ಟದ್ದಲ್ಲ. ಹಗಲಲ್ಲೂ ಹೆಗ್ಗಣ, ಅಳಿಲು, ಗುಬ್ಬಚ್ಚಿ ಕಾಟ ಇರುವ ಕಡೆ ಒಳ್ಳೆಯದೇ. ಆದರೆ ಬೆಲೆ ಜಾಸ್ತಿ. ಕೋಳಿಗೆ ಕಲಿಸಬೇಕು, ಮೊದಲ ಕೆಲವು ದಿನ ಮುಚ್ಚಳ ತೆರೆದೇ ಇಡಬೇಕು. ಎಳೆ ಯಾಟೆಯ ತೂಕಕ್ಕೆ ಮುಚ್ಚಳ ಏಳುವುದಿಲ್ಲ. ಸಣ್ಣ ಮರಿಗಳಿರುವ ಕಡೆಯಂತೂ ಬೇಡ. ದೊಡ್ಡದು ಇಳಿದಾಗ ಮುಚ್ಚಳ ಮರಿಯ ಕುತ್ತಿಗೆ ಮೇಲೆ ಬೀಳಬಹುದು.

ನೀರಿನದ್ದು ಆಮೇಲೆ ಬರೆಯುತ್ತೇನೆ, ಹಾಲು ಕರೆಯುವ ಹೊತ್ತಾಯಿತು.

—

ಪುತ್ತೂರು ಗೂಡು:

ಅಕ್ಕ ಹೇಳಿದ್ದು ಸರಿ ಇದೆ. ನಾನು ನಿಪ್ಪಲ್ ಬಗ್ಗೆ ಹೇಳುತ್ತೇನೆ, ನಮ್ಮಲ್ಲಿ ನಿಪ್ಪಲ್ಲೇ ಇರುವುದು. ನಮ್ಮದೂ ಮಳೆ ಊರು. ನಿಪ್ಪಲ್ ಹಾಕಿದ ಮೇಲೆ ಗೂಡಿನ ನೆಲ ಒಣಗಿದೆ, ಅದೇ ದೊಡ್ಡ ಲಾಭ. ನೀರೂ ಕೊಳಕಾಗುವುದಿಲ್ಲ.

ಇಪ್ಪತ್ತು ಲೀಟರಿನ ಮುಚ್ಚಳ ಇರುವ ಬಕೆಟ್ ತಗೊಳ್ಳಿ. ತಳದಲ್ಲಿ ತೂತು ಕೊರೆದು ನಿಪ್ಪಲ್ ತಿರುಪಿ, ಬುಡಕ್ಕೆ ಟೆಫ್ಲಾನ್ ಟೇಪ್ ಸುತ್ತಿ. ಎಂಟು ಹತ್ತು ಕೋಳಿಗೆ ಒಂದು ನಿಪ್ಪಲ್ ಸಾಕು ಅನ್ನುತ್ತಾರೆ. ನೀವು ಹದಿಮೂರಕ್ಕೆ ಮೂರು ಹಾಕಿ, ಒಂದು ಕೈಕೊಟ್ಟರೂ ಉಳಿದವು ಇರುತ್ತವೆ. 360 ಡಿಗ್ರಿ ಅಂತ ಸಿಗುತ್ತದೆ, ಕಡ್ಡಿಯನ್ನು ಯಾವ ಕಡೆಯಿಂದ ತಳ್ಳಿದರೂ ನೀರು ಬರುತ್ತದೆ. ಅದನ್ನೇ ತಗೊಳ್ಳಿ.

ಮುಚ್ಚಳದಲ್ಲಿ ಸಣ್ಣ ತೂತು ಇರಲೇಬೇಕು. ಮುಚ್ಚಳ ಬಿಗಿಯಾಗಿ ಕೂತರೆ ನೀರು ಇಳಿದ ಹಾಗೆ ಒಳಗೆ ಗಾಳಿ ಹೋಗುವುದಿಲ್ಲ, ಸ್ವಲ್ಪ ಹೊತ್ತಿಗೆ ನೀರು ನಿಂತುಬಿಡುತ್ತದೆ. ಬಕೆಟ್ ತುಂಬಿಯೇ ಕಾಣುತ್ತದೆ, ಕೋಳಿ ಬಾಯಾರಿ ಒದ್ದಾಡುತ್ತಿರುತ್ತದೆ. ಸೊಳ್ಳೆ ಹೋಗದಷ್ಟು ಸಣ್ಣ ತೂತು ಸಾಕು.

ಮನೆ ಮೇಲಿನ ಟ್ಯಾಂಕಿನಿಂದ ನೇರ ಪೈಪ್ ಕೊಡಬೇಡಿ. ಒತ್ತಡ ಜಾಸ್ತಿಯಾಗಿ ನಿಪ್ಪಲ್ ಸೋರುತ್ತದೆ. ಬಾವಿ ನೀರಾದರೆ ಬಟ್ಟೆಯಲ್ಲಿ ಸೋಸಿ. ಒಂದು ಮರಳಿನ ಕಣ ಸಿಕ್ಕಿಕೊಂಡರೂ ತೊಟ್ಟಿಕ್ಕುತ್ತಲೇ ಇರುತ್ತದೆ. ದಿನಾ ಬೆಳಿಗ್ಗೆ ಒಂದೊಂದು ಕಡ್ಡಿಯನ್ನೂ ಬೆರಳಲ್ಲಿ ತಟ್ಟಿ ನೋಡುವ ಅಭ್ಯಾಸ ಬೇಕು.

ಎತ್ತರ ಮಾತ್ರ ಫೀಡರಿನ ಹಾಗಲ್ಲ. ಕೋಳಿ ಕತ್ತು ಮೇಲೆತ್ತಿ ಕುಡಿಯುವಷ್ಟು ಮೇಲಿರಬೇಕು. ತಗ್ಗಿನಲ್ಲಿದ್ದರೆ ಪಕ್ಕದಿಂದ ಕುಕ್ಕುತ್ತವೆ, ಅರ್ಧ ನೀರು ನೆಲಕ್ಕೆ.

—

ಹೊಸನಗರ ತೋಟದಮನೆ:

ಅಕ್ಕಾ, ಪುತ್ತೂರಿನ ಅಣ್ಣ, ಇಬ್ಬರಿಗೂ ಧನ್ಯವಾದ. ರಾಟೆ ಐಡಿಯಾ ಅಮ್ಮನಿಗೆ ಓದಿ ಹೇಳಿದೆ, ಖುಷಿಯಾದರು. ಬಾವಿ ಸೇದುವ ಹಳೇ ಕಬ್ಬಿಣದ ರಾಟೆ ಅಟ್ಟದಲ್ಲಿದೆ, ಅದನ್ನೇ ಹಾಕೋಣ ಅಂದರು.

ಪೈಪ್ ಫೀಡರ್ ಬಗ್ಗೆ ಯಾರೂ ಹೇಳಲಿಲ್ಲ. ನಾಲ್ಕಿಂಚಿನ ಪೈಪ್ ತುಂಡು ನಮ್ಮಲ್ಲಿ ಬಿದ್ದಿದೆ. ಕೆಳಗೆ ಎಲ್ಬೋ ಹಾಕಿದರೆ ಆಯಿತಲ್ವಾ? ಮತ್ತೆ ನಿಪ್ಪಲ್‌ಗೆ ಕೋಳಿ ಒಗ್ಗಿಕೊಳ್ಳುತ್ತವಾ? ಯಾಟೆ ಕೊಡುವವರ ಹತ್ತಿರ ಮಗುಚಿಡುವ ಡಬ್ಬ ಇದೆ, ಅವು ಅದಕ್ಕೇ ಅಭ್ಯಾಸವಾಗಿವೆ.

—

ಕೊಪ್ಪದ ಅಕ್ಕ:

ಪೈಪ್ ಬಿದ್ದಿದ್ದರೆ ಮಾಡಿ ನೋಡಿ, ಆದರೆ ಎಂಥ ಮೇವು ಹಾಕುತ್ತೀರಿ ಅನ್ನುವುದರ ಮೇಲೆ ಇದೆ. ಕಾಳು, ಗುಳಿಗೆ ಥರದ ಮೇವಾದರೆ ಸರಾಗ ಇಳಿಯುತ್ತದೆ. ಹುಡಿ ಮೇವು ಪೈಪಿನ ಮಧ್ಯದಲ್ಲೇ ಕಚ್ಚಿಕೊಳ್ಳುತ್ತದೆ. ಮೇಲೆ ತುಂಬಿದೆ, ಕೆಳಗೆ ಖಾಲಿ. ಮಳೆಗಾಲದಲ್ಲಂತೂ ಎಲ್ಬೋ ತಿರುವಿನಲ್ಲಿ ಅಂಟಿಕೊಂಡು ಗಟ್ಟಿಯಾಗುತ್ತದೆ. ಅದನ್ನು ಕೆರೆದು ತೆಗೆಯಬೇಕಾದರೆ ಕೈ ಹೋಗುವುದಿಲ್ಲ. ಕೈ ಹೋಗದ ಪಾತ್ರೆ ತೊಳೆಯಲು ಆಗದ ಪಾತ್ರೆ. ಆ ಪೈಪನ್ನು ಕಪ್ಪೆಚಿಪ್ಪಿನ ಚೂರಿಗೆ ಇಟ್ಟುಕೊಳ್ಳಿ, ಅದಕ್ಕೆ ಬಹಳ ಚೆನ್ನಾಗಿ ಆಗುತ್ತದೆ. ಮೊಟ್ಟೆ ಇಡುವ ಕೋಳಿಗೆ ಸುಣ್ಣದ ಅಂಶ ಬೇಕು. ಅದನ್ನು ಮೇವಿನಲ್ಲಿ ಬೆರೆಸದೆ ಬೇರೆ ಇಟ್ಟರೆ ಬೇಕಾದದ್ದು ಬೇಕಾದಷ್ಟು ತಿನ್ನುತ್ತದೆ, ಹುಂಜ ಅದರ ತಂಟೆಗೆ ಹೋಗುವುದಿಲ್ಲ. ಚಿಪ್ಪಿನ ಚೂರಿಗೆ ಬೂಷ್ಟು ಬರುವುದಿಲ್ಲ, ಗಂಟು ಕಟ್ಟುವುದಿಲ್ಲ, ಹೆಗ್ಗಣವೂ ಮುಟ್ಟುವುದಿಲ್ಲ. ಇದನ್ನು ಮಾತ್ರ ತಿಂಗಳಿಗಾಗುವಷ್ಟು ತುಂಬಿಸಿಡಿ.

ಈಗ ನೀರು. ನನಗೆ ಕೇಳಿದರೆ ಮೇವಿಗಿಂತ ನೀರಿನ ಸಾಮಾನಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು. ಒಂದು ಹೊತ್ತು ಮೇವು ತಪ್ಪಿದರೆ ಕೋಳಿ ತಡೆಯುತ್ತದೆ. ನೀರು ಒಂದು ದಿನ ತಪ್ಪಿದರೆ ಮೊಟ್ಟೆ ಇಳಿಯುತ್ತದೆ, ಸುಧಾರಿಸಲು ಬಹಳ ದಿನ ಬೇಕು. ತಿಂದ ಮೇವಿನ ತೂಕದ ಎರಡರಷ್ಟು ನೀರು ಕುಡಿಯುತ್ತದೆ. ಅಂದರೆ ಒಂದಕ್ಕೆ ಸುಮಾರು ಕಾಲು ಲೀಟರ್, ನಿಮ್ಮ ಗುಂಪಿಗೆ ಮೂರೂಕಾಲು ಲೀಟರ್. ಏಪ್ರಿಲ್ ತಿಂಗಳಲ್ಲಿ ಎರಡರಷ್ಟಾಗುತ್ತದೆ ಅಂತಿಟ್ಟುಕೊಳ್ಳಿ.

ಮಗುಚಿಡುವ ಡಬ್ಬ ಸುಲಭ, ಅಗ್ಗ. ಬಾಯಿ ಹತ್ತಿರ ಒಂದು ತೂತು ಇರುತ್ತದೆ. ತಟ್ಟೆಯ ನೀರು ಆ ತೂತು ಮುಚ್ಚುವಷ್ಟು ಏರಿದಕೂಡಲೇ ಒಳಗೆ ಗಾಳಿ ಹೋಗುವುದು ನಿಲ್ಲುತ್ತದೆ, ನೀರು ಬೀಳುವುದೂ ನಿಲ್ಲುತ್ತದೆ. ಕೋಳಿ ಕುಡಿದು ತೂತು ಕಂಡಾಗ ಮತ್ತೆ ಬೀಳುತ್ತದೆ. ಇದು ಸಮತಟ್ಟು ಜಾಗದಲ್ಲಿದ್ದರೆ ಮಾತ್ರ ನಡೆಯುತ್ತದೆ. ಒಂದು ಕಡೆ ವಾಲಿದರೆ, ಇಲ್ಲವೇ ಡಬ್ಬದ ತಲೆಯಲ್ಲಿ ಕೂದಲೆಳೆ ಬಿರುಕು ಬಿಟ್ಟರೆ, ಇಡೀ ನೀರು ನೆಲಕ್ಕೆ. ಬೆಳಿಗ್ಗೆ ತುಂಬಿಸಿದ್ದು ಹತ್ತು ಗಂಟೆಗೇ ಖಾಲಿ ಅನಿಸಿದರೆ ಮೊದಲು ಬಿರುಕು ಹುಡುಕಿ.

ಹತ್ತು ಲೀಟರಿನದ್ದು ತರಬೇಡಿ. ತುಂಬಿದರೆ ಹತ್ತು ಕಿಲೋ, ಅದನ್ನು ಮಗುಚಿ ಇಡುವುದು ಮಂಡಿ ನೋವಿನವರ ಕೆಲಸ ಅಲ್ಲ. ಎರಡೂವರೆ, ಮೂರು ಲೀಟರಿನದ್ದು ಎರಡು ತನ್ನಿ. ಮೂರು ಇಟ್ಟಿಗೆ ಜೋಡಿಸಿ, ಮೇಲೆ ಮರದ ಹಲಗೆ ಇಟ್ಟು, ಅದರ ಮೇಲೆ ಡಬ್ಬ ಇಡಿ. ಹಿಕ್ಕೆ, ಹೊಟ್ಟು ಬೀಳುವುದು ಕಮ್ಮಿಯಾಗುತ್ತದೆ. ಹಲಗೆ ಕೆಳಗೆ ತೂತಿರುವ ಹಳೇ ಬುಟ್ಟಿಯಲ್ಲಿ ಜಲ್ಲಿ ಹಾಕಿಟ್ಟರೆ ಚೆಲ್ಲಿದ ನೀರು ಹೊಟ್ಟಿಗೆ ತಾಗುವುದಿಲ್ಲ.

ನೆಲ ಒದ್ದೆ ಆಗಬಾರದು ಅಂತ ಇಷ್ಟು ಹೇಳುವುದಕ್ಕೆ ಕಾರಣ ಇದೆ. ಎಳೆ ಕೋಳಿಗೆ ರಕ್ತಭೇದಿ ಬರುವುದು ಒದ್ದೆ ಹೊಟ್ಟಿನಿಂದ. ಹಿಕ್ಕೆಯಲ್ಲಿ ಬಂದ ರೋಗದ ಬೀಜ ಬೆಚ್ಚಗಿನ ತೇವದಲ್ಲಿ ಎರಡು ದಿನ ಇದ್ದರೆ ಸಾಕು, ರೋಗ ಹಚ್ಚುವಷ್ಟು ಬಲಿಯುತ್ತದೆ. ಒಣ ನೆಲದಲ್ಲಿ ಹಾಗೆ ಬಲಿಯುವುದಿಲ್ಲ. ಡ್ರಿಂಕರ್ ಸುತ್ತ ಒಂದು ಮಾರಿನಷ್ಟು ಜಾಗದ ಹೊಟ್ಟು ಕೈಯಲ್ಲಿ ಹಿಡಿದು ಹಿಂಡಿ. ಉಂಡೆ ಕಟ್ಟಿದರೆ ತೆಗೆದುಹಾಕಿ, ಒಣ ಭತ್ತದ ಹೊಟ್ಟು ಹಾಕಿ.

ಹಾಗಾಗಿ ನಿಮ್ಮ ಮಳೆಗೆ ಗೂಡಿನ ಒಳಗೆ ಪುತ್ತೂರಿನವರ ನಿಪ್ಪಲ್ ಬಕೆಟ್ಟೇ ಸರಿ ಅಂತ ನನಗೂ ಅನಿಸುತ್ತದೆ. ಹೊರಗೆ ಮಾಡಿನ ಕೆಳಗೆ ಒಂದು ಮಗುಚಿಡುವ ಡಬ್ಬ ಇರಲಿ. ಬಕೆಟ್ಟನ್ನು ಮುಟ್ಟಲೇಬೇಕಿಲ್ಲ, ಅಮ್ಮ ಪೈಪ್ ಹಿಡಿದು ನಿಂತಲ್ಲೇ ತುಂಬಿಸಬಹುದು. ಕೋಳಿ ಕಲಿಯುತ್ತವೆ. ಕಡ್ಡಿ ತುದಿಯಲ್ಲಿ ಒಂದು ಹನಿ ಮಿನುಗುತ್ತಿದ್ದರೆ ಒಂದಲ್ಲ ಒಂದು ಯಾಟೆ ಬಂದು ಕುಕ್ಕುತ್ತದೆ, ಅದನ್ನು ನೋಡಿ ಉಳಿದವು. ಆದರೆ ಎಲ್ಲವೂ ಕುಡಿಯುವುದನ್ನು ಕಣ್ಣಾರೆ ನೋಡುವ ತನಕ ಹಳೇ ಥರದ ಡಬ್ಬ ತೆಗೆಯಬೇಡಿ.

ಬಕೆಟ್ ಬಿಳಿ ಅಥವಾ ನೀಲಿ, ಬೆಳಕು ಒಳಗೆ ಹೋಗದಂಥದ್ದಿರಲಿ. ತೆಳು ಪಾರದರ್ಶಕ ಡಬ್ಬಕ್ಕೆ ಬಿಸಿಲು ತಾಗಿದರೆ ಹಸಿರು ಪಾಚಿ. ಪೇಂಟ್ ಬಕೆಟ್ ಬೇಡ, ಎಷ್ಟು ತೊಳೆದರೂ ನನಗೆ ಧೈರ್ಯ ಬರುವುದಿಲ್ಲ. ಬೇಕರಿ, ಹೋಟೆಲಿನವರ ಹತ್ತಿರ ಅಡುಗೆ ಎಣ್ಣೆ, ಉಪ್ಪಿನಕಾಯಿ ಬಕೆಟ್ ಸಿಗುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೆ ಬೆರಳಾಡಿಸಿ. ಲೋಳೆ ಸಿಕ್ಕಿದರೆ ಬ್ರಷ್ ಹಾಕಿ ಉಜ್ಜಿ ತೊಳೆಯಿರಿ. ಈ ಒಂದು ಕೆಲಸ ಭಾನುವಾರ ನೀವು ಮಾಡಿ, ಅಮ್ಮನಿಗೆ ಬಿಡಬೇಡಿ.

—

ಸಿಂಧನೂರು ಗದ್ದೆ:

ಮಳೆ ಊರಿನವರ ಮಾತು ಓದಿ ಖುಷಿ ಆಯಿತು. ನಮ್ಮ ಕಡೆ ಸಂಕಟವೇ ಬೇರೆ. ಇದನ್ನು ಓದುವ ರಾಯಚೂರು, ಬಳ್ಳಾರಿ ಕಡೆಯವರಿಗಾಗಿ ಬರೆಯುತ್ತಿದ್ದೇನೆ.

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಆಗ ಬಿಸಿಲಲ್ಲಿರುವ ಪಿವಿಸಿ ಲೈನಿನಲ್ಲಿ ನಿಂತ ನೀರು ಸ್ನಾನದ ನೀರಿನಷ್ಟು ಬಿಸಿ ಆಗುತ್ತದೆ. ಬಿಸಿ ನೀರನ್ನು ಕೋಳಿ ಕುಡಿಯುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುವ ಕೋಳಿ ತಣ್ಣೀರು ಕುಡಿದರೇ ಬದುಕುವುದು. ನಿಪ್ಪಲ್‌ನಿಂದ ಒಂದೊಂದೇ ಹನಿ ಬಂದರೆ ಆ ಸೆಕೆಗೆ ಅದು ಸಾಲುವುದಿಲ್ಲ. ಬೇಸಿಗೆಯಲ್ಲಿ ನಾವು ಬೇವಿನ ನೆರಳಲ್ಲಿ ಅಗಲ ಬಾಯಿಯ ಮಣ್ಣಿನ ಕುಂಡ ಇಡುತ್ತೇವೆ. ಸುತ್ತ ಒದ್ದೆ ಗೋಣಿ. ಮಣ್ಣು ಬೆವರಿ ನೀರು ತಣ್ಣಗಿರುತ್ತದೆ. ಕೋಳಿ ಕೊಕ್ಕು, ಕೆಳಗಿನ ಜೋಲು ಎಲ್ಲ ನೀರಲ್ಲಿ ಅದ್ದುತ್ತದೆ, ಅದರಿಂದಲೂ ಮೈ ತಂಪಾಗುತ್ತದೆ. ದಿನಕ್ಕೆ ಎರಡು ಸಲ ಚೆಲ್ಲಿ ಹೊಸ ನೀರು ಹಾಕಬೇಕು, ಬೇರೆ ದಾರಿ ಇಲ್ಲ. ಮೇವನ್ನೂ ಮಧ್ಯಾಹ್ನ ಹಾಕುವುದಿಲ್ಲ. ಬೆಳಿಗ್ಗೆ ತಂಪಲ್ಲಿ, ಸಂಜೆ ತಂಪಲ್ಲಿ ಮಾತ್ರ.

ಇನ್ನೊಂದು ಮಾತು. 2025ರ ಆರಂಭದಲ್ಲಿ ನಮ್ಮ ಕಡೆ, ಚಿಕ್ಕಬಳ್ಳಾಪುರ ಕಡೆ ಹಕ್ಕಿ ಜ್ವರ ಕಾಣಿಸಿತ್ತಲ್ಲ. ಅದಾದ ಮೇಲೆ ಮೇವು, ನೀರು ಎರಡನ್ನೂ ಬಟಾಬಯಲಲ್ಲಿ ಇಡುವುದನ್ನು ಬಿಟ್ಟಿದ್ದೇವೆ. ಕಾಗೆ, ಕೊಕ್ಕರೆ, ಕೆರೆಯ ಬಾತು ಬಂದು ಅದೇ ಪಾತ್ರೆಗೆ ಬಾಯಿ ಹಾಕಿದರೆ ರೋಗ ಬರಲು ಬಾಗಿಲು ತೆರೆದಿಟ್ಟಂತೆ. ಮೇಲೆ ಒಂದು ಸೂರು, ಸುತ್ತ ಕೋಳಿ ಮಾತ್ರ ನುಗ್ಗುವಷ್ಟು ಸಂದು, ಇಷ್ಟಾದರೂ ಇರಲಿ.

—

ಪಶು ಆಸ್ಪತ್ರೆ ಸಿಬ್ಬಂದಿ, ತೀರ್ಥಹಳ್ಳಿ:

ನಿಪ್ಪಲ್ ಹಾಕುವವರಿಗೆ ಒಂದು ಸೂಚನೆ. ಕೊಕ್ಕರೆ ರೋಗದ, ಅಂದರೆ ರಾಣಿಖೇತ್‌ನ, ಲಸಿಕೆಯನ್ನು ಕೆಲವೊಮ್ಮೆ ಕುಡಿಯುವ ನೀರಲ್ಲಿ ಕೊಡುತ್ತೇವೆ. ಲಸಿಕೆಯಲ್ಲಿರುವುದು ಜೀವಂತ ವೈರಸ್. ಬ್ಲೀಚಿಂಗ್ ಪೌಡರ್ ಹಾಕಿದ ನೀರು ತಾಗಿದರೆ ಅದು ಸಾಯುತ್ತದೆ, ಲಸಿಕೆ ಕೊಟ್ಟೂ ಕೊಡದ ಹಾಗೆ. ಹಾಗಾಗಿ ನಿಪ್ಪಲ್ ಇದ್ದರೂ ಎರಡು ಮಗುಚಿಡುವ ಪ್ಲಾಸ್ಟಿಕ್ ಡಬ್ಬ ಮನೆಯಲ್ಲಿರಲಿ. ಲಸಿಕೆ ದಿನ ಅವನ್ನು ಸೋಪು, ಬ್ಲೀಚ್ ಮುಟ್ಟಿಸದೆ ಬರೀ ಬಾವಿ ನೀರಲ್ಲಿ ತೊಳೆಯಿರಿ. ಒಂದೆರಡು ಗಂಟೆ ಮೊದಲು ಇದ್ದ ನೀರು ತೆಗೆಯಿರಿ, ಬಾಯಾರಲಿ. ಬಾವಿ ನೀರಿಗೆ ಸ್ವಲ್ಪ ಕೆನೆ ತೆಗೆದ ಹಾಲಿನ ಪುಡಿ ಕದಡಿ, ಆಮೇಲೆ ಲಸಿಕೆ. ಒಂದೆರಡು ಗಂಟೆಯೊಳಗೆ ಕುಡಿದು ಮುಗಿಸುವಷ್ಟೇ ನೀರು ಇರಬೇಕು. ಯಾವ ವಯಸ್ಸಿಗೆ ಯಾವುದು ಅಂತ ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಕೇಳಿ, ಯಾಟೆ ಕೊಡುವವರು ಆಗಲೇ ಏನು ಹಾಕಿಸಿದ್ದಾರೆ ಅಂತ ಬರೆಸಿಕೊಳ್ಳಿ.

ತಗಡಿನ ಡ್ರಿಂಕರ್‌ನಲ್ಲಿ ವಿನೆಗರ್, ಹುಳಿ ಮಜ್ಜಿಗೆ ಹಾಕಬೇಡಿ. ಸತುವಿನ ಲೇಪ ಕರಗಿ ನೀರಿಗೆ ಸೇರುತ್ತದೆ.

ಹೆಗ್ಗಣದ ಬಗ್ಗೆ ಕೊಪ್ಪದವರು ಹೇಳಿದ್ದಕ್ಕೆ ಇದೂ ಸೇರಿಸಿ. ನಮ್ಮ ಭಾಗದಲ್ಲಿ ಮಳೆಗಾಲದಲ್ಲಿ ಇಲಿ ಜ್ವರ ಬರುತ್ತದೆ. ಅದು ಇಲಿ, ಹೆಗ್ಗಣದ ಮೂತ್ರ ಸೇರಿದ ನೀರು, ಕೆಸರಿನಿಂದ ಮನುಷ್ಯರಿಗೆ ಬರುವುದು. ಕಾಲಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಅಮ್ಮ ಗೂಡಿಗೆ ಹೋಗುವಾಗ ಬರಿಗಾಲಲ್ಲಿ ಹೋಗದಿರಲಿ.

—

ಹೊಸನಗರ ತೋಟದಮನೆ:

ಎಲ್ಲರಿಗೂ ತುಂಬಾ ಧನ್ಯವಾದ. ತೀರ್ಮಾನ ಹೀಗೆ. ಒಳಕ್ಕೆ ಬಗ್ಗಿದ ಅಂಚಿನ ತೂಗುವ ಫೀಡರ್ ಎರಡು, ರಾಟೆ ಸಮೇತ. ಗೂಡೊಳಗೆ ಮೂರು ನಿಪ್ಪಲ್ ಇರುವ ಬಕೆಟ್. ಹೊರಗೆ ಮಾಡಿನ ಕೆಳಗೆ ಮೂರು ಲೀಟರ್ ಡಬ್ಬ ಎರಡು. ಪೈಪ್ ತುಂಡು ಚಿಪ್ಪಿನ ಚೂರಿಗೆ. ತಗಡಿನ ಡ್ರಮ್ಮಿಗೆ ರಿಪ್ಪನ್‌ಪೇಟೆಯಲ್ಲಿ ಹೇಳಿದ್ದೇನೆ. ಅಮ್ಮನಿಗೆ ಗಂಬೂಟ್ ತರುತ್ತೇನೆ.

ಕೊನೆಯದಾಗಿ ಒಂದು ಪ್ರಶ್ನೆ, ಅಕ್ಕಾ. ಕಾವಿನ ಹೇಂಟೆ ಈ ವಾರ ಮರಿ ಬಿಡಬಹುದು. ಮರಿಗಳಿಗೆ ಇವು ಯಾವುದೂ ಎಟುಕುವುದಿಲ್ಲ. ಅಮ್ಮನ ಒರಳು ಕಲ್ಲಲ್ಲೇ ನೀರು ಇಡಬಹುದಾ?

—

ಕೊಪ್ಪದ ಅಕ್ಕ:

ಒರಳು ಬೇಡ. ಮರಿ ಅದಕ್ಕೆ ಬಿದ್ದರೆ ಏಳಲು ಆಗುವುದಿಲ್ಲ, ಒದ್ದೆಯಾದರೇ ಚಳಿಗೆ ಸಾಯುತ್ತದೆ. ಒಂದು ಲೀಟರಿನ ಮರಿ ಡ್ರಿಂಕರ್ ಕೆಂಪು ತಟ್ಟೆಯದ್ದು ಸಿಗುತ್ತದೆ, ಅದನ್ನು ತನ್ನಿ. ಕೆಂಪು ಬಣ್ಣಕ್ಕೆ ಮರಿ ಬೇಗ ಬರುತ್ತದೆ. ಮೊದಲ ವಾರ ತಟ್ಟೆಯ ಸುತ್ತ ಗೋಲಿ ಗಾತ್ರದ ಹೊಳೆಗಲ್ಲು ತುಂಬಿಸಿ, ಕಲ್ಲಿನ ಸಂದಿಯಲ್ಲಿ ಕೊಕ್ಕು ಮಾತ್ರ ಹೋಗಬೇಕು. ತಾಯಿ ಕೆದಕುತ್ತದೆ, ಹೊಟ್ಟು ಹಾರಿ ಒಳಗೆ ಬೀಳುತ್ತದೆ. ಹಾಗಾಗಿ ದಿನಕ್ಕೆ ಮೂರ್ನಾಲ್ಕು ಸಲ ನೀರು ಬದಲಿಸಬೇಕಾಗುತ್ತದೆ. ಒಂದು ಹಲಗೆ ಚೂರಿನ ಮೇಲಿಟ್ಟರೆ ಸ್ವಲ್ಪ ಕಮ್ಮಿ.

ಮೇವಿಗೆ ಮೊದಲ ಎರಡು ಮೂರು ದಿನ ಅಮ್ಮನ ಅಡಿಕೆ ಹಾಳೆಯೇ ಸಾಕು, ಅದಕ್ಕಿಂತ ಒಳ್ಳೆಯದಿಲ್ಲ. ತಗ್ಗಿರುತ್ತದೆ, ಮರಿಯ ಕಾಲು ಜಾರುವುದಿಲ್ಲ, ಕೊಳಕಾದರೆ ಗೊಬ್ಬರದ ಗುಂಡಿಗೆ ಎಸೆದು ಇನ್ನೊಂದು ತಗೊಳ್ಳಬಹುದು. ಆಮೇಲೆ ಮೇಲೆ ಕಂಡಿಗಳಿರುವ ಉದ್ದ ಮರಿ ಫೀಡರ್.

ಮರಿಗೆ ಮರಿ ಮೇವನ್ನೇ ಹಾಕಿ. ಮೊಟ್ಟೆ ಕೋಳಿ ಮೇವಿನಲ್ಲಿ ಸುಣ್ಣ ಜಾಸ್ತಿ, ಮರಿಯ ಮೂತ್ರಪಿಂಡಕ್ಕೆ ತಡೆಯುವುದಿಲ್ಲ. ಗೂಡಿನ ಮೂಲೆಯಲ್ಲಿ ಬಿದಿರು ದಬ್ಬೆ ಅಡ್ಡ ಕಟ್ಟಿ, ಮರಿ ಮಾತ್ರ ನುಸುಳುವಷ್ಟು ಸಂದು ಬಿಟ್ಟರೆ ದೊಡ್ಡವು ಒಳಗೆ ಬರುವುದಿಲ್ಲ, ಮರಿ ಮೇವು ಮರಿಗೇ ಉಳಿಯುತ್ತದೆ. ಎರಡು ಬೆರಳಗಲ ಸಂದಿನಿಂದ ಶುರು ಮಾಡಿ, ಮರಿ ಬೆಳೆದ ಹಾಗೆ ಒಂದೊಂದು ದಬ್ಬೆ ಕೀಳುತ್ತಾ ಹೋಗಿ. ಸಂಜೆ ಹೊತ್ತು ಎಲ್ಲ ಮರಿ ತಾಯಿಯ ರೆಕ್ಕೆ ಅಡಿ ಸೇರಿವೆಯಾ ಅಂತ ಅಮ್ಮ ಎಣಿಸಿ, ಆಮೇಲೆ ಮೇವು ಎತ್ತಿಡಲಿ.